ಇವಾವೊನ ಬಲಗೈ ಮತ್ತು ಅಲೆ ಅಳೆಯುವ ಟೋಪಿ

ಒನೊಮಿಚಿ ಎಂಬ ಊರಿನ ಕ್ಷೌರಿಕ ಸುಗಾವಾ ಇವಾವೊಗೆ ಲಕ್ವ ಹೊಡೆದು ಎರಡು ತಿಂಗಳಾಗಿತ್ತು. ಕಾಲು ಹೇಗೋ ದಾರಿಗೆ ಬಂತು. ಬಲಗೈ ಮಾತ್ರ ತೊಡೆಯ ಮೇಲೆ ಒದ್ದೆ ಟವೆಲ್ಲಿನಂತೆ ಬಿದ್ದಿರುತ್ತಿತ್ತು. ದಿನಾ ಹತ್ತು ನಿಮಿಷ ಕಣ್ಣು ಮುಚ್ಚಿ, ಆ ಕೈಯಲ್ಲಿ ಕತ್ತರಿ ಆಡಿಸುತ್ತಿರುವಂತೆ ಕಲ್ಪಿಸಿಕೊಳ್ಳಿ ಎಂದು ಆಸ್ಪತ್ರೆಯಲ್ಲಿ ವ್ಯಾಯಾಮ ಮಾಡಿಸುವ ಮಿಯೊಶಿ ಹೇಳಿದ್ದಳು. ನಾಲ್ಕು ದಿನ ಮಾಡಿ ಬಿಟ್ಟುಬಿಟ್ಟ.

"ಹಗಲುಗನಸು ಕಾಣೋಕೆ ಆಸ್ಪತ್ರೆ ಯಾಕೆ? ಮನೇಲೇ ಕಾಣ್ತೀನಿ," ಎಂದ.

ಒಳಗಿನ ಹೆದರಿಕೆ ಬೇರೆಯೇ ಇತ್ತು. ತಲೆಯಲ್ಲಿ ಆ ಕೈಯ ಜಾಗವೇ ಸತ್ತುಹೋಗಿದ್ದರೆ? ಬಾಯಿಬಿಟ್ಟು ಹೇಳದ ಈ ಮಾತನ್ನು, ಅಂಗಡಿಯಲ್ಲೂ ಅವನ ಜೊತೆ ಕತ್ತರಿ ಹಿಡಿಯುತ್ತಿದ್ದ ಹೆಂಡತಿ ನೊಬುಯೆ ಅರಿತು ಮಿಯೊಶಿಯ ಕಿವಿಗೆ ಹಾಕಿದಳು. ಮರುದಿನ ಮಿಯೊಶಿ ತಂತಿಗಳ ಟೋಪಿಯೊಂದನ್ನು ತಂದಳು.

"ಕರೆಂಟ್ ಹೊಡೆಯುತ್ತಾ?"

"ಇಲ್ಲ ಸುಗಾವಾ-ಸಾನ್. ಇದು ಒಳಗೆ ಏನೂ ಕಳಿಸಲ್ಲ. ಮಿದುಳಿನ ಅಲೆನ ಹೊರಗಿಂದ ಅಳೆಯುತ್ತೆ, ಅಷ್ಟೇ."

"ನಾನು ಯೋಚನೆ ಮಾಡೋದೆಲ್ಲ ಕಾಣುತ್ತಾ?"

"ಅದೂ ಕಾಣಲ್ಲ."

"ಅದಕ್ಕೆ ಟೋಪಿ ಯಾಕೆ ಬೇಕು," ಎಂದಳು ನೊಬುಯೆ. "ಮೂವತ್ತೈದು ವರ್ಷದಿಂದ ನಂಗೆ ಹಾಗೇ ಕಾಣ್ತಿದೆ."

ತಲೆಗೆ ತಣ್ಣನೆಯ ಜೆಲ್ ಹಚ್ಚಿ ಟೋಪಿ ಹಾಕಿದರು. ಬಲಗೈ ಆಡಿಸುವುದನ್ನು ಕಲ್ಪಿಸಿಕೊಂಡಾಗ ಆ ಕೈಯನ್ನು ನಡೆಸುವ ಮಿದುಳಿನ ಎಡಭಾಗ ಕೆಲಸಕ್ಕಿಳಿದು, ಅಲ್ಲಿ ಅಲೆ ತಗ್ಗಬೇಕು ಎಂದು ಮಿಯೊಶಿ ಪರದೆಯ ಮೇಲಿನ ಗೆರೆಯನ್ನು ತೋರಿಸಿದಳು. ಇವಾವೊ ಕಣ್ಣು ಮುಚ್ಚಿದ. ಗೆರೆ ತಗ್ಗಲಿಲ್ಲ.

"ನೋಡಿದ್ರಲ್ಲ," ಎಂದ.

"ಏನು ಕಲ್ಪಿಸಿಕೊಂಡ್ರಿ?"

"ಕನ್ನಡೀಲಿ ನನ್ನ ಕೈ ಕಾಣ್ತಿತ್ತು."

"ನೋಡೋದು ಬೇಡ. ಕೈಯೊಳಗೇ ಇರಿ. ಕತ್ತರಿ ತಣ್ಣಗಿದೆ. ಹೆಬ್ಬೆರಳು ಒತ್ತುತ್ತೆ, ಕೂದಲು ಸಿಕ್ಕಿ ಬಿಗಿಯಾಗುತ್ತೆ."

ಇವಾವೊ ಮನಸ್ಸಿನಲ್ಲೇ ನೊಬುಯೆಯ ಕತ್ತಿನ ಹಿಂದಿನ ಕೂದಲು ಕತ್ತರಿಸತೊಡಗಿದ. ಕೈ ಕದಲಲಿಲ್ಲ. ಗೆರೆ ತಗ್ಗಿತು. "ಈಗ ಸುಮ್ಮನಿರಿ" ಎಂದು ಮಿಯೊಶಿ ಅಂದಾಗ ಗೆರೆ ಮೇಲೆದ್ದಿತು. ಮತ್ತೆ ಶುರುಮಾಡಿದಾಗ ಮತ್ತೆ ತಗ್ಗಿತು. ಹತ್ತರಲ್ಲಿ ಏಳು ಸಲ ಹಾಗಾಯಿತು.

"ಆ ಜಾಗ ಇನ್ನೂ ಕೆಲಸ ಮಾಡ್ತಿದೆ," ಎಂದಳು ಮಿಯೊಶಿ.

ಇವಾವೊನ ಎದೆಯ ಭಾರ ಇಳಿಯಿತು. ನೊಬುಯೆ ಅವನ ಹಣೆಗೆ ಇಳಿದಿದ್ದ ಜೆಲ್ ಒರೆಸುತ್ತ, ತನ್ನ ಕಣ್ಣನ್ನೂ ಒರೆಸಿಕೊಂಡಳು.

"ಹಾಗಾದ್ರೆ ನಾಳೆ ಕೈ ಆಡುತ್ತಾ?"

"ಯಾವಾಗ, ಎಷ್ಟು ಅಂತ ಹೇಳೋಕಾಗಲ್ಲ. ಇದು ವ್ಯಾಯಾಮದ ಬದಲಿಗಲ್ಲ, ಅದರ ಜೊತೆಗೆ. ಎರಡನ್ನೂ ಬಿಡದೆ ಮಾಡಬೇಕು."

ಅವನು ಬಿಡಲಿಲ್ಲ. ಏಳನೇ ವಾರ ಹೆಬ್ಬೆರಳು ಕದಲಿತು. ಬೇಸಿಗೆಯ ಹೊತ್ತಿಗೆ ಗಿರಾಕಿಯ ಕತ್ತಿಗೆ ಬಟ್ಟೆ ಕಟ್ಟುವಷ್ಟು ಹಿಡಿತ ಬಂತು. ಸದ್ಯಕ್ಕೆ ಕತ್ತರಿ ನೊಬುಯೆಯದು, ತಪ್ಪು ಹುಡುಕುವ ಕೆಲಸ ಅವನದು.

ನಿಮ್ಮ ಮನೆಯಲ್ಲೂ ಯಾರಿಗಾದರೂ ಲಕ್ವದಿಂದ ಕೈ ನಿಂತಿದೆಯೇ? ಕದಲುತ್ತಿಲ್ಲವೆಂದು ವ್ಯಾಯಾಮ ಬಿಡಿಸಬೇಡಿ. ಕಲ್ಪಿಸಿಕೊಳ್ಳುವುದೂ ಒಂದು ವ್ಯಾಯಾಮವೇ. ಟೋಪಿ ಎಲ್ಲ ಕಡೆ ಸಿಗುವುದಿಲ್ಲ, ಅದಿಲ್ಲದೆಯೂ ಮಾಡಬಹುದು. ಹೇಗೆಂದು ವೈದ್ಯರನ್ನು, ವ್ಯಾಯಾಮ ಮಾಡಿಸುವವರನ್ನು ಕೇಳಿ. ಆಮೇಲೆ ದಿನಾ ಆ ಹತ್ತು ನಿಮಿಷ, ಅವರ ಪಕ್ಕದಲ್ಲಿ ನೀವೂ ಕುಳಿತುಕೊಳ್ಳಿ.