ಕತ್ತೆಗೆ ಹೇಳಿದ ಮಾತು

ದೀನಾ ಸತ್ತ ಮೇಲೆ ಸಾನ್ನಾಗೂ ಅವಳ ಅಣ್ಣ ಯಾಕೋಪನಿಗೂ ಮಾತೇ ನಿಂತುಹೋಯಿತು. ಜಗಳವೇನಲ್ಲ. ಹುಡುಗಿ ದೊಡ್ಡವಳಾದಳೆಂದರೆ ಅಣ್ಣ ತಂಗಿ ಮುಖ ನೋಡಿ ಮಾತಾಡಬಾರದು, ಹೆಸರು ಹಿಡಿದು ಕರೆಯಬಾರದು, ಹೇಳುವುದಿದ್ದರೆ ಮೂರನೆಯವರಿಗೆ ಹೇಳಿ ದಾಟಿಸಬೇಕು. ಅದು ಅವರ ಕುಲದ ಮರ್ಯಾದೆ. ಐವತ್ತು ವರ್ಷ ಆ ಮೂರನೆಯವಳಾಗಿದ್ದವಳು ಯಾಕೋಪನ ಹೆಂಡತಿ ದೀನಾ. ಗಂಜಿ ಆರುತ್ತಿದೆ ಎಂದು ಸಾನ್ನಾ ಹೇಳಿದ್ದು ಎರಡು ಮಾರು ದೂರದಲ್ಲಿ ಕೂತ ಯಾಕೋಪನಿಗೆ ಚೆನ್ನಾಗಿಯೇ ಕೇಳಿಸಿರುತ್ತಿತ್ತು. ಆದರೂ ದೀನಾಳ ಬಾಯಿಂದ ಬರುವವರೆಗೆ ಅವನು ಚಮಚ ಮುಟ್ಟುತ್ತಿರಲಿಲ್ಲ. ದೀನಾ ಏನು ಕಮ್ಮಿಯೇ, ಒಂದಕ್ಕೆರಡು ಸೇರಿಸಿಯೇ ದಾಟಿಸುತ್ತಿದ್ದಳು.

ಅವರ ಕುಲದ ಭಾಷೆ ಬಲ್ಲವರು ಈ ಮೂವರೇ ಉಳಿದಿದ್ದರು. ಅಯ್ಯೋ ಪಾಪ ಎಂದು ಲೊಚಗುಟ್ಟುವ ಸದ್ದು, ಕುದುರೆ ಓಡಿಸುವ ಲೊಟಕೆ, ಮಗುವಿಗೆ ಮುತ್ತಿಡುವ ಸದ್ದು, ಬೇರೆಯವರಿಗೆ ಇವೆಲ್ಲ ಬರೀ ಸದ್ದು. ಇವರಿಗೆ ಅವೇ ಅಕ್ಷರ. ಕುರಿ ಸಾಕುವ ಬಿಳಿಯ ಧಣಿಗಳು ಅದನ್ನು ಕೋತಿಯ ಮಾತೆಂದು ನಕ್ಕರು. ಹೆದರಿದ ತಾಯಂದಿರು ತಮ್ಮ ಮಕ್ಕಳ ಬಾಯಿ ತಾವೇ ಮುಚ್ಚಿಸಿದರು. ಸಾನ್ನಾ ಕೂಡ ಮುಚ್ಚಿಸಿದಳು. ಮಗಳಿಗೆ ಒಂದು ಮಾತೂ ಕಲಿಸಲಿಲ್ಲವಲ್ಲ ಎಂದು ಈಗ ಹೊಟ್ಟೆ ಉರಿಯುತ್ತದೆ. ಮೊಮ್ಮಗಳು ಮಿತಾಗೆ ಬರುವುದು ಆ ಧಣಿಗಳ ಭಾಷೆ ಆಫ್ರಿಕಾನ್ಸ್ ಒಂದೇ.

ಮಿತಾ ಒಳ್ಳೆಯವಳು. ದೀನಾಳ ಜಾಗದಲ್ಲಿ ತಾನು ಕೂತು ಮಾತು ದಾಟಿಸುತ್ತೇನೆ ಎಂದಳು. ಎರಡು ದಿನ ದಾಟಿಸಿದಳು ಕೂಡ. ಆದರೆ ಅಣ್ಣನ ಮಾತು ಆಫ್ರಿಕಾನ್ಸಿನಲ್ಲಿ ಬಂದರೆ ಯಾವನೋ ಗುಮಾಸ್ತ ಬರೆದ ಕಾಗದ ಓದಿಸಿಕೊಂಡ ಹಾಗಿತ್ತು. ಇನ್ನು ತನ್ನ ಭಾಷೆ ತನ್ನ ಕಿವಿಗೆ ಬೀಳುವುದೇ ಇಲ್ಲವೇನೋ ಎಂದು ಸಾನ್ನಾ ಒಲೆ ಮುಂದೆ ಕೂತು ಅತ್ತಳು.

ಒಂದು ಬೆಳಿಗ್ಗೆ ಯಾಕೋಪ ಕತ್ತೆ ಹಿಡಿದುಕೊಂಡು ಅವಳ ಬೇಲಿಯ ಹತ್ತಿರ ಬಂದ. ಬೆನ್ನು ಅವಳ ಕಡೆಗೆ, ಮುಖ ಕತ್ತೆಯ ಕಡೆಗೆ.

"ಬೊಂಟಾ," ಎಂದ ತಮ್ಮ ಭಾಷೆಯಲ್ಲಿ, "ಈ ಮನೆಯೋಳಿಗೆ ಹೇಳು, ಅವಳ ಒಲೆ ಹೊಗೆಯೆಲ್ಲ ನನ್ ಕಣ್ಣಿಗೇ ಬರ್ತಿದೆ. ಇಷ್ಟು ವಯಸ್ಸಾದ್ರೂ ಒಲೆ ಹಚ್ಚೋಕೆ ಬರಲ್ಲ."

ದೀನಾಳನ್ನು ಮಣ್ಣು ಮಾಡಿದ ಮೇಲೆ ಸಾನ್ನಾ ನಕ್ಕಿದ್ದು ಅವತ್ತೇ. "ಬೊಂಟಾ, ನಿನ್ ಯಜಮಾನಂಗೆ ಹೇಳು, ಹೊಗೆ ಬೇಡ ಅಂದ್ರೆ ಚಹಾನೂ ಬೇಡ."

ಅಲ್ಲಿಂದ ದಿನಾ ಕತ್ತೆ ಬರುತ್ತಿತ್ತು. ಅದು ಕಿವಿ ಆಡಿಸುತ್ತ ನಿಲ್ಲುತ್ತಿತ್ತು, ಇವರು ಅದರ ಆ ಕಡೆ ಈ ಕಡೆ ನಿಂತು ಅವ್ವನ ಸುದ್ದಿ, ಬತ್ತಿಹೋದ ಹೊಳೆಯ ಸುದ್ದಿ, ಸತ್ತ ದೀನಾಳ ಚಾಡಿ, ಎಲ್ಲ ಆಡುತ್ತಿದ್ದರು.

ಊರೂರಿನ ಭಾಷೆ ಹಿಡಿದಿಡುವ ಒಬ್ಬಾಕೆ ಕೇಪ್‌ಟೌನಿಂದ ಮಾತು ಮುದ್ರಿಸುವ ಯಂತ್ರ ತಂದಳು. ಒಬ್ಬರ ಮುಖ ಒಬ್ಬರು ನೋಡಿ ಮಾತಾಡಿ ಎಂದು ಎರಡು ಕುರ್ಚಿ ಎದುರುಬದುರು ಹಾಕಿಸಿದಳು. ಯಾಕೋಪ ಟೋಪಿ ಎತ್ತಿಕೊಂಡು ಹೊರಟೇಬಿಟ್ಟ. ಮಿತಾಗೆ ಸಿಟ್ಟು ಬಂತು.

"ಅಜ್ಜಿ, ಇರೋದೇ ನೀವಿಬ್ರು. ತಪ್ಪು ಅಂತ ಹೇಳೋರು ಯಾರಿದ್ದಾರೆ?"

"ಹೇಳೋರಿಲ್ಲ ಅಂತ ಬಿಟ್ಟುಬಿಟ್ರೆ ಅದು ಮರ್ಯಾದೆ ಹೇಗಾಗುತ್ತೆ ಮಗಾ?" ಎಂದಳು ಸಾನ್ನಾ.

ಚಳಿಗಾಲಕ್ಕೆ ಯಾಕೋಪನ ಎದೆ ಕಟ್ಟಿತು. ಕ್ಲಿನಿಕ್ಕಿನಲ್ಲಿ ನಾಲ್ಕು ದಿನ ಇಟ್ಟುಕೊಂಡರು. ಅಲ್ಲಿನ ನರ್ಸುಗಳಲ್ಲಿ ಒಬ್ಬಳ ಭಾಷೆ ತ್ಸ್ವಾನಾ, ಒಬ್ಬಳದು ಕೋಸಾ. ಔಷಧಿ ಕೊಡುವವನು ಇನ್ನೆಲ್ಲಿಯವನೋ. ಕೋಸಾದಲ್ಲೂ ಲೊಟಕೆ ಉಂಟು. ಪಕ್ಕದ ಕೋಣೆಯಿಂದ ಆ ಸದ್ದು ಬಂದಾಗಲೆಲ್ಲ ಸಾನ್ನಾಳ ತಲೆ ತಾನಾಗಿ ತಿರುಗುತ್ತಿತ್ತು. ತಿರುಗಿದರೆ ಒಂದು ಮಾತೂ ಅವಳ ಭಾಷೆಯದಲ್ಲ. ಐದನೆಯ ದಿನ, ಇನ್ನು ನಮ್ಮ ಕೈಲಾಗದು, ಮನೆಗೇ ಕರೆದುಕೊಂಡು ಹೋಗಿ ಎಂದರು.

ಅವತ್ತು ಮಧ್ಯಾಹ್ನ ಸಾನ್ನಾ ಬೊಂಟಾನನ್ನು ಎಳೆದುಕೊಂಡು ಅಣ್ಣನ ಮನೆಗೆ ಹೋದಳು. ಬಾಗಿಲು ಕಿರಿದು, ಕತ್ತೆಯ ತಲೆ ಕತ್ತು ಮಾತ್ರ ಒಳಗೆ ಹಿಡಿಸಿತು. ಅವಳು ಹಾಸಿಗೆಗೆ ಬೆನ್ನು ಮಾಡಿ ಕತ್ತೆಯ ಮುಂದೆ ನೆಲಕ್ಕೆ ಕೂತಳು. "ಬೊಂಟಾ, ಗಂಜಿ ಕುಡಿದ್ನಾ ಕೇಳು."

ಯಾಕೋಪ ಅವಳ ಹೆಸರು ಹಿಡಿದು ಕರೆದ. ಸಾನ್ನಾ ಎಂದಲ್ಲ, ಅವ್ವ ಇಟ್ಟ ಹೆಸರು, ಮುತ್ತಿಡುವ ಸದ್ದಿನಿಂದ ಶುರುವಾಗುವುದು. ಚಿಕ್ಕಂದಿನಲ್ಲಿ ಮರಳ ದಿಬ್ಬದ ಮೇಲಿಂದ ಅವನು ಕೂಗುತ್ತಿದ್ದ ಹೆಸರು.

"ಈ ಕಡೆ ತಿರುಗು," ಎಂದ. "ಒಂದ್ ಸಲ ನೋಡ್ತೀನಿ."

ತಿರುಗಬೇಕೆಂದು ಸಾನ್ನಾಳ ಜೀವ ಹೊಡೆದುಕೊಂಡಿತು, ಕತ್ತು ಮಾತ್ರ ತಿರುಗಲಿಲ್ಲ. ಕತ್ತೆಯ ಹಣೆ ಹಿಡಿದುಕೊಂಡು, "ಬೊಂಟಾ, ಅವನಿಗೆ ಹೇಳು, ನಾನಿಲ್ಲೇ ಇದೀನಿ," ಎಂದಳು.

ಅವಳು ಕತ್ತು ತಿರುಗಿಸಿ ನೋಡುವ ಹೊತ್ತಿಗೆ ಅವನ ಕಣ್ಣು ತೆರೆದೇ ಇತ್ತು, ಉಸಿರಿರಲಿಲ್ಲ. ಕೊನೆಗೆ ಅವನು ನೋಡಿದ್ದು ತಂಗಿಯ ಬೆನ್ನು.

ಪಾದ್ರಿ ಆಫ್ರಿಕಾನ್ಸಿನಲ್ಲಿ ಪ್ರಾರ್ಥನೆ ಮಾಡಿದ, ಜನ ಆಫ್ರಿಕಾನ್ಸಿನಲ್ಲಿ ಹಾಡಿದರು. ಎಲ್ಲ ಹೋದ ಮೇಲೆ ಸಾನ್ನಾ ಕತ್ತೆಯ ಹಗ್ಗವನ್ನು ಮಿತಾಳ ಕೈಗೆ ಕೊಟ್ಟು, ಒಬ್ಬಳೇ ಗೋರಿಯ ಹತ್ತಿರ ಹೋಗಿ ಮಣ್ಣಿಗೆ ಮುಖ ಮಾಡಿ ಕೂತಳು.

"ಅಣ್ಣಾ," ಎಂದಳು ತಮ್ಮ ಭಾಷೆಯಲ್ಲಿ. ಅವನ ಹೆಸರನ್ನೂ ಹಿಡಿದಳು. "ತಿರುಗಿದೀನಿ. ನೋಡು."

ಹಾಗಂದು ಯಾರಾದರೂ ಗದರುತ್ತಾರೇನೋ ಎಂದು ಕಾದಳು. ದೊಡ್ಡವಳಾದ ಹೊಸದರಲ್ಲಿ ಹೀಗೆ ಮರ್ಯಾದೆ ತಪ್ಪಿದರೆ ಅವ್ವ ಕಿವಿ ಹಿಂಡುತ್ತಿದ್ದಳು, ಅಜ್ಜಿಯರು ಲೊಚಗುಟ್ಟುತ್ತಿದ್ದರು. ಈಗ ಗದರಲು ಆ ಭಾಷೆ ಬಲ್ಲವರು ಈ ಭೂಮಿಯ ಮೇಲೆ ಇನ್ಯಾರೂ ಇರಲಿಲ್ಲ.