ಹನ್ನೆರಡನೇ ಬಂದರು

ಆ ಹಡಗು ಹನ್ನೊಂದು ಊರು ಸುತ್ತಿ ಬಂದಿತ್ತು. ಹಂಸಕ್ಕ ಮಾತ್ರ ಒಂದರ ನೆಲವನ್ನೂ ಮೆಟ್ಟಿರಲಿಲ್ಲ. ಬಿಳಿ ಬಂಡೆಗಳ ಊರು, ಜಲಪಾತ ನೇರವಾಗಿ ಕಡಲಿಗೇ ಧುಮುಕುವ ಊರು, ಮನೆಗಳಿಗೆಲ್ಲ ಹಳದಿ ಬಳಿದ ಊರು, ಎಲ್ಲವೂ ಅವಳ ಪಾಲಿಗೆ ಪ್ರವಾಸಿಗರ ಚಪ್ಪಲಿಗೆ ಅಂಟಿ ಬಂದ ಮರಳು. ಕೋಣೆಯಲ್ಲಿ ಕಪ್ಪು ಮರಳು ಬಿದ್ದಿದ್ದರೆ ಊರು ಬದಲಾಯಿತು ಎಂದುಕೊಂಡು ಗುಡಿಸುತ್ತಿದ್ದಳು.

ಹಂಸಕ್ಕ ಎಂಬುದು ಜೊತೆಯವರು ಇಟ್ಟ ಹೆಸರು. ಹಾಸಿಗೆ ಬಿಗಿದ ಮೇಲೆ ದಿಂಬಿನ ಮೇಲೊಂದು ಟವೆಲಿನ ಪ್ರಾಣಿ ಮಡಿಚಿಡುವುದು ಆ ಹಡಗಿನ ಪದ್ಧತಿ. ಆನೆ, ಮೊಲ ಎಲ್ಲರಿಗೂ ಬರುತ್ತಿತ್ತು. ಕತ್ತು ವಾಲದ ಹಂಸ ಅವಳೊಬ್ಬಳ ಕೈಗೇ ಒಲಿದಿತ್ತು.

ಹಡಗು ದಡದಲ್ಲಿ ನಿಂತಾಗಲೂ ಕೆಲಸದವರಲ್ಲಿ ಇಷ್ಟು ಮಂದಿ ಒಳಗೇ ಇರಬೇಕು. ಬೆಂಕಿಗಿಂಕಿ ಹೊತ್ತಿದರೆ ಆಳು ಬೇಕಲ್ಲ. ಆ ಪಾಳಿಯನ್ನು ತಮ್ಮತಮ್ಮಲ್ಲೇ ಅದಲುಬದಲು ಮಾಡಿಕೊಳ್ಳಬಹುದಿತ್ತು. ಹನ್ನೆರಡನೇ ಬಂದರು ಅವಳ ಹುಟ್ಟೂರು. ಅದೊಂದಕ್ಕಾಗಿ ಹನ್ನೊಂದು ಊರುಗಳ ಬಿಡುವನ್ನೂ ಬೇರೆಯವರಿಗೆ ಬಿಟ್ಟುಕೊಟ್ಟಿದ್ದಳು.

"ನಿನಗೆ ತಲೆ ನೆಟ್ಟಗಿಲ್ಲ ಕಣೇ," ಎನ್ನುತ್ತಿದ್ದಳು ಮೇಲಿನ ಮಂಚದಲ್ಲಿ ಮಲಗುವ ಇಸ್ತ್ರಿಯವಳು. "ನಾಲ್ಕು ಗಂಟೆ ಬಿಡುವಿಗೋಸ್ಕರ ನಾಲ್ಕು ತಿಂಗಳು ಬಿಲದಲ್ಲಿ ಕೂತಿದೀಯ."

"ಅಮ್ಮ ಜೀವ ಹಿಡ್ಕೊಂಡಿರೋದೂ ಆ ನಾಲ್ಕು ಗಂಟೆಗೇ."

ಅಮ್ಮನ ಶ್ವಾಸಕೋಶ ಸೋತಿತ್ತು. ಡಾಕ್ಟರು ಈಗ ತಿಂಗಳ ಮಾತು ಬಿಟ್ಟು ವಾರದ ಮಾತಾಡುತ್ತಿದ್ದರು. ಆಸ್ಪತ್ರೆಯಿದ್ದದ್ದು ಊರಿನ ಆ ತುದಿಯಲ್ಲಿ. ಹೋಗಿಬರುವುದರಲ್ಲೇ ಮಗಳ ಬಿಡುವಿನಲ್ಲಿ ಒಂದು ಗಂಟೆ ಹಾಳಾದೀತೆಂದು ಅಮ್ಮನೇ ಬಂದರಿನ ಗೋಡೆಯ ತನಕ ಬರುವುದಾಗಿ ಹಟ ಹಿಡಿದಿದ್ದಳು. ಗಾಲಿಕುರ್ಚಿ, ಕೆಂಪು ಹೊದಿಕೆ, ಜೊತೆಗೆ ಎರಡು ಗಂಟೆ ಬರುವ ಆಮ್ಲಜನಕದ ಸಿಲಿಂಡರ್. ಒಂಬತ್ತಕ್ಕೆಲ್ಲ ವಾಪಸು ಹೊರಡಿಸುತ್ತೇನೆಂದು, ಅಮ್ಮನನ್ನು ನೋಡಿಕೊಳ್ಳುತ್ತಿದ್ದ ಅಕ್ಕ ಆಸ್ಪತ್ರೆಯವರ ಕಾಲು ಹಿಡಿದಿದ್ದಳು.

"ಬರಿಗೈಲಿ ಬಂದೀಯ ಜೋಕೆ," ಎಂದಿದ್ದಳು ಅಮ್ಮ ಫೋನಿನಲ್ಲಿ, ಪದಕ್ಕೊಮ್ಮೆ ನಿಂತು. "ದೊರೆಸಾನಿಯರಿಗೆಲ್ಲ ಹಂಸ ಮಾಡಿಕೊಡ್ತೀಯಂತೆ. ಹೆತ್ತವಳಿಗೊಂದು ಬೇಡ್ವಾ?"

ಅಂದು ಬೆಳಿಗ್ಗೆ ಎಂಟಕ್ಕೆ ಹಂಸಕ್ಕ ಕೆಳಗಿನ ಬಾಗಿಲ ಬಳಿ ಸಾಲಿನಲ್ಲಿ ಮೊದಲಿಗಳಾಗಿ ನಿಂತಿದ್ದಳು. ಮೈಮೇಲೆ ಸ್ವಂತದ ಬಟ್ಟೆ, ಚೀಲದಲ್ಲಿ ಹಂಸ. ಬಾಗಿಲು ತೆರೆಯಲಿಲ್ಲ. ಮೇಲಿನಿಂದ ಕ್ಯಾಪ್ಟನ್ನಿನ ದನಿ ಬಂತು: ಗಾಳಿ ಜೋರಾಗಿದೆ, ಒಂದು ಸುತ್ತು ಹಾಕಿ ನೋಡುತ್ತೇವೆ.

ಫೋನು ನಡುಗಿತು. ಅಕ್ಕ.

"ಹಡಗು ಕಾಣ್ತಿದೆ ಕಣೇ! ಯಾವ ಕಿಟಕಿ ನಿಂದು ಅಂತ ಅಮ್ಮ ಕೇಳ್ತಿದ್ದಾಳೆ. ಆದ್ರೆ ಇಲ್ಲಿ ಗಾಳಿ ಹೊಡೀತಾ ಇದೆ. ವಾಪಸ್ ಕರ್ಕೊಂಡು ಹೋಗ್ಲಾ?"

ಅವಳಿಗೆ ಕಿಟಕಿಯೇ ಇರಲಿಲ್ಲ. ಆದರೆ ಸುತ್ತು ಹಾಕಿದ ಹಡಗು ಎರಡನೇ ಸಲಕ್ಕೆ ದಡ ಕಂಡದ್ದನ್ನು ಮೂರು ಬಾರಿ ಅನುಭವಿಸಿದ್ದಳು. ಹಡಗಿನಲ್ಲಿ ದುಡಿಯುವವರೆಲ್ಲ ನಂಬುವ ಮಾತದು.

"ಬೇಡ," ಎಂದಳು. "ಬಂದ್ವಿ ಇನ್ನೇನು. ನಾನು ಮತ್ತೆ ಹೇಳೋ ತನಕ ಅಲ್ಲೇ ಇರಿ. ಕದಲ್ಬೇಡಿ."

ಹಡಗು ತಿರುಗಿತು. ತಿರುಗಿದ್ದು ಹೊರಗಡೆಗೆ. ಮೊದಲು ಸಿಗ್ನಲ್ ಕಡಿದು ಫೋನಿನ ಉಸಿರು ಹೋಯಿತು, ಆಮೇಲೆ ಕ್ಯಾಪ್ಟನ್ನಿನ ಎರಡನೇ ಮಾತು ಬಂತು: ಬಂದರು ರದ್ದು; ಅತಿಥಿಗಳಿಗೆ ಮಧ್ಯಾಹ್ನ ಉಚಿತ ಸಿನಿಮಾ. ಇನ್ನು ದಡ ಸಿಗುವುದು ಎರಡು ದಿನದ ಮೇಲೆ.

"ನಡೀರಿ, ಸಮವಸ್ತ್ರ ಹಾಕ್ಕೊಳ್ಳಿ," ಎಂದ ಮೇಸ್ತ್ರಿ. ಹಂಸಕ್ಕನ ಮುಖ ನೋಡಿ ದನಿ ತಗ್ಗಿಸಿದ. "ಏನ್ ಮಾಡೋದಮ್ಮ, ಗಾಳಿಗೆ ಬಯ್ಯೋಕಾಗುತ್ತಾ?"

"ಮೇಲಿನ ಸ್ಯಾಟಲೈಟ್ ಫೋನಿಂದ ಒಂದೇ ಮಾತು ಸಾರ್. ಅಮ್ಮನಿಗೆ ವಾಪಸ್ ಹೋಗಿ ಅಂತ ಅಷ್ಟೇ."

"ಅದು ಹಡಗಿನ ಕೆಲಸಕ್ಕೆ ಮಾತ್ರ. ನಿನಗೆ ಕೊಟ್ಟರೆ ಎಲ್ಲರೂ ಕೇಳ್ತಾರೆ."

ಮಧ್ಯಾಹ್ನ ಹದಿನೇಳನೇ ಕೋಣೆಯಲ್ಲಿ ಅವಳು ಹಾಸಿಗೆ ಬಿಗಿಯುತ್ತಿದ್ದಾಗ ಅಲ್ಲಿನ ತಾತ ಕ್ಯಾಮೆರಾ ಹಿಡಿದು ಕೂತಿದ್ದ. ಒಳ್ಳೆಯ ಮುದುಕ, ಮಾತಿಗೆ ಜನ ಬೇಕಿತ್ತು.

"ಇಳಿಯೋಕೆ ಬಿಡದಿದ್ರೇನಂತೆ, ಊರನ್ನ ಎಳೆದು ತಂದಿದೀನಿ ನೋಡಮ್ಮ."

ಪುಟ್ಟ ಪರದೆಯಲ್ಲಿ ಅವಳ ಊರಿತ್ತು. ಗುಡ್ಡ, ನೀರಿನ ಟ್ಯಾಂಕು, ಬಂದರಿನ ಉದ್ದ ಗೋಡೆ. ತಾತ ಗುಂಡಿಯೊತ್ತಿ ಚಿತ್ರ ದೊಡ್ಡದು ಮಾಡಿದ. ಗೋಡೆಯ ತುದಿಯಲ್ಲಿ ಕುಂಕುಮದ ಚಿಟಿಕೆಯಷ್ಟು ಕೆಂಪು. ಮೂಲೆಯಲ್ಲಿ ಹೊತ್ತು ಬರೆದಿತ್ತು, ಎಂಟೂ ಇಪ್ಪತ್ತು.

"ಇನ್ನೊಂದು ಇದೆಯಾ ತಾತ?"

ಇತ್ತು. ಊರು ಚಿಕ್ಕದಾಗಿತ್ತು, ಅಲೆಗಳು ಗೋಡೆಯ ಮೇಲೆ ಬಿಳಿಯಾಗಿ ಹಾರುತ್ತಿದ್ದವು. ಕೆಂಪು ಅಲ್ಲೇ ಇತ್ತು. ಒಂಬತ್ತೂ ಹತ್ತು.

"ಇನ್ನೊಂದು?"

"ಅದೇನು ಅಷ್ಟೊಂದು ನೋಡ್ತೀಯ?" ತಾತ ನಕ್ಕ. ಗುಂಡಿಯೊತ್ತಿದ. ಊರು ಈಗ ಗೆರೆಯಷ್ಟೇ. ದೊಡ್ಡದು ಮಾಡಿದಷ್ಟೂ ಚಿತ್ರ ಒಡೆದು ಚೌಕಚೌಕವಾಯಿತು. ಆ ಚೌಕಗಳ ನಡುವೆ ಒಂದೇ ಒಂದು ಕೆಂಪು ಚೌಕ, ಕದಲದೆ.

ಹತ್ತೂ ಇಪ್ಪತ್ತು.

"ಚೆನ್ನಾಗಿ ಬಂದಿದೆ ಅಲ್ವಾ?" ಎಂದ ತಾತ.

ಹಂಸಕ್ಕ ಟವೆಲು ಕೈಗೆತ್ತಿಕೊಂಡಳು. ಎಡ ಅಂಚು ಸುರುಳಿ ಸುತ್ತಿದಳು, ಬಲ ಅಂಚು ಸುತ್ತಿದಳು, ಕತ್ತು ಬಗ್ಗಿಸಿ ದಿಂಬಿನ ಮೇಲೆ ನಿಲ್ಲಿಸಿದಳು. ಅದು ವಾಲಿತು. ಮತ್ತೆ ನಿಲ್ಲಿಸಿದಳು. ಮತ್ತೆ ವಾಲಿತು.