ಎಪ್ಪತ್ತೊಂದನೇ ಬ್ರೆಡ್ಡು

ನಮ್ಮ ಸ್ವಸಹಾಯ ಗುಂಪಿನ ಅಕ್ಕತಂಗಿಯರೇ, ಈ ಕಥೆಯಲ್ಲಿ ಒಬ್ಬ ಕಳ್ಳಿ ಇದ್ದಾಳೆ. ಅವಳನ್ನು ಹಿಡಿಯಲು ಹೊರಟವಳು ನಾನು. ಕೊನೆಗೆ ಸಿಕ್ಕಿದಳು ಕೂಡ. ಕೇಳಿದ ಮೇಲೆ ನಗು ಬಂದರೆ ನಕ್ಕುಬಿಡಿ, ನನಗೇನೂ ಬೇಜಾರಿಲ್ಲ. ಆದರೆ ನಗುವ ಮೊದಲು ನಿಮ್ಮ ನಿಮ್ಮ ಗಲ್ಲಾಪೆಟ್ಟಿಗೆ ಒಮ್ಮೆ ನೆನಪಿಸಿಕೊಳ್ಳಿ.

ನಮ್ಮದು ಬ್ರೆಡ್ಡಿನ ಅಂಗಡಿ. ಹಿಂದೆ ಭಟ್ಟಿ, ಮುಂದೆ ಮಾರುವ ಕಟ್ಟೆ, ನಡುವೆ ಒಂದು ಗೋಡೆ, ಗೋಡೆಯಲ್ಲಿ ಅಂಗೈಯಗಲದ ಕಿಂಡಿ. ಹಿಟ್ಟು ಕಲಸುವುದು ನಾನು, ಬೇಯಿಸುವುದು ನಮ್ಮ ಯಜಮಾನರು. ದಿನಕ್ಕೆ ಎಂಬತ್ತೈದು ಬ್ರೆಡ್ಡು ಹೋಗುತ್ತಿತ್ತು, ಒಂದಕ್ಕೆ ಐವತ್ತು ರೂಪಾಯಿ. ತಿಂಗಳ ಕೊನೆಗೆ ಎಲ್ಲರಿಗೂ ಕೊಟ್ಟು ಮನೆಗೆ ಒಂಬತ್ತು ಸಾವಿರ ಮಿಗುತ್ತಿತ್ತು. ಹೆಚ್ಚೇನಲ್ಲ, ಆದರೆ ಮರ್ಯಾದೆಯಿಂದ ಬದುಕುತ್ತಿದ್ದೆವು.

ಅಷ್ಟರಲ್ಲಿ ಒಂದೇ ತಿಂಗಳಲ್ಲಿ ಎರಡು ಸಂಗತಿ ನಡೆದವು. ಎದುರಿಗೆ ಇನ್ನೊಂದು ಬ್ರೆಡ್ಡಿನ ಅಂಗಡಿ ಬಂತು, ಬೆಲೆ ನಲವತ್ತನಾಲ್ಕು ಎಂದು ದೊಡ್ಡದಾಗಿ ಬರೆದು ಹಾಕಿದರು. ಬಿಡುತ್ತೇನಾ ನಾನು? ಮರುದಿನವೇ ನಮ್ಮ ಬೆಲೆಯನ್ನೂ ನಲವತ್ತನಾಲ್ಕಕ್ಕೆ ಇಳಿಸಿದೆ. ಯಜಮಾನರು ಗೊಣಗಿದರು, ನಾನು ಕೇಳಲಿಲ್ಲ. ಎರಡನೆಯದು, ನನ್ನ ನಾದಿನಿ ಗಂಡನ ಜೊತೆ ಬಾಳಲಾರದೆ ಒಂದು ತಗಡಿನ ಟ್ರಂಕು ಹಿಡಿದು ನಮ್ಮ ಮನೆಗೆ ಬಂದಳು. ಸುಮ್ಮನೆ ಕೂರುವುದೇಕೆಂದು ಅವಳನ್ನು ಗಲ್ಲಾದ ಮೇಲೆ ಕೂರಿಸಿದೆವು.

ಬೆಲೆ ಇಳಿದ ಮೇಲೆ ಜನ ಮುಗಿಬಿದ್ದರು. ಕೆಲವು ದಿನ ಸಂಜೆಗೆ ಕಪಾಟು ಪೂರ್ತಿ ಖಾಲಿ. ನನಗೆ ಒಳಗೊಳಗೇ ಹೆಮ್ಮೆ. ಆದರೆ ತಿಂಗಳ ಕೊನೆಗೆ ನೋಡಿದರೆ ಮನೆಗೆ ಒಂದು ಬಿಡಿಗಾಸೂ ಇಲ್ಲ. ಮುಂದಿನ ತಿಂಗಳು ಇನ್ನೂ ಕೆಟ್ಟಿತು, ಕಟ್ಟಿಗೆಯವನಿಗೇ ಕೊಡಲು ತಡಕಾಡಿದೆವು. ಮೊದಲಿಗಿಂತ ಹೆಚ್ಚು ಮಾರುತ್ತಿದ್ದೇವೆ, ಮೊದಲಿದ್ದಷ್ಟೂ ಉಳಿಯುತ್ತಿಲ್ಲ. ಹಾಗಾದರೆ ದುಡ್ಡಿಗೆ ಕಾಲು ಬಂತೇ? ಬಂದಿದ್ದರೆ ಅದು ಯಾರ ಕಾಲು ಎಂದು ನನ್ನ ತಲೆ ಓಡತೊಡಗಿತು.

ಓಡಿ ಎಲ್ಲಿಗೆ ಹೋಗುತ್ತದೆ ಹೇಳಿ. ಹೊಸದಾಗಿ ಬಂದವಳು ಒಬ್ಬಳೇ.

ಒಂದು ಸಲ ಅನುಮಾನ ಹೊಕ್ಕಿತೆಂದರೆ ಎಲ್ಲವೂ ಸಾಕ್ಷಿಯಾಗಿಯೇ ಕಾಣುತ್ತದೆ. ನಾದಿನಿ ತಲೆಗೆ ಬಟ್ಟೆ ಕಟ್ಟಿಕೊಳ್ಳತೊಡಗಿದಳು, ಕಿವಿ ಮುಚ್ಚುವ ಹಾಗೆ.

"ಇದೇನೇ ಹೊಸ ವೇಷ?" ಎಂದು ಕೇಳಿದೆ.

"ಹಿಟ್ಟು ಹಾರತ್ತೆ ಅತ್ತಿಗೆ."

ಹಿಟ್ಟು ಹಾರುವುದು ಹಿಂದೆ, ನನ್ನ ಮುಖಕ್ಕೆ. ಗಲ್ಲಾದ ಹತ್ತಿರ ಯಾವ ಹಿಟ್ಟು? ಅವಳು ಏನನ್ನೋ ಮುಚ್ಚಿಡುತ್ತಿದ್ದಾಳೆ ಎಂದು ಆಗಲೇ ಗಟ್ಟಿ ಮಾಡಿಕೊಂಡೆ. ಸಾಲದ್ದಕ್ಕೆ ಪಕ್ಕದ ಅಂಗಡಿಯ ದರ್ಜಿ ಒಂದು ದಿನ ನಾದಿನಿ ಊಟಕ್ಕೆ ಹೋದ ಹೊತ್ತಿಗೆ ಬ್ರೆಡ್ಡು ಕೊಳ್ಳಲು ಬಂದವನು, ಕಿಂಡಿಯ ಹತ್ತಿರ ಬಾಗಿ ಪಿಸುಗುಟ್ಟಿದ.

"ನಿಮ್ಮ ನಾದಿನಿ ಚಿನ್ನದ ಅಂಗಡಿಯಿಂದ ಇಳಿದು ಬರ್ತಾ ಇದ್ರು. ಮನೇಲಿ ಏನಾದ್ರೂ ವಿಶೇಷನಾ?"

ನನ್ನ ಮೈ ಉರಿದುಹೋಯಿತು. ನಮ್ಮ ದುಡ್ಡಲ್ಲಿ ಚಿನ್ನ! ನಾನು ಹರಿದ ಚಪ್ಪಲಿಗೆ ಹೊಲಿಗೆ ಹಾಕಿಸಿಕೊಂಡು ಓಡಾಡುತ್ತಿದ್ದೇನೆ, ಇವಳು ಚಿನ್ನದ ಅಂಗಡಿ ಮೆಟ್ಟಿಲು ಹತ್ತುತ್ತಾಳೆ.

ಯಜಮಾನರಿಗೆ ಹೇಳಿದೆ. ಅವರು ಕೈಯಲ್ಲಿದ್ದ ಬ್ರೆಡ್ಡಿನ ಹಲಗೆ ಕೆಳಗಿಟ್ಟರು.

"ನನ್ನ ತಂಗಿ ಕಣೇ ಅವಳು."

"ತಂಗಿಯಾದ್ರೆ ಕೈ ಇರಲ್ವಾ?"

"ಕಣ್ಣಾರೆ ನೋಡಿದ್ದೀಯಾ?"

"ನೋಡ್ತೀನಿ. ನೋಡಿದ ಮೇಲೆ ಟ್ರಂಕು ಬೀದಿಗೆ ಇಡ್ತೀನಿ. ಆಗ ನೀವು ಅಡ್ಡ ಬರಬಾರದು."

ಅವರು ಬೆನ್ನು ತಿರುಗಿಸಿ ಭಟ್ಟಿಯ ಬಾಯಿ ತೆಗೆದರು. ಅವಳು ಎಲ್ಲಿಗೆ ಹೋಗುತ್ತಾಳೆ ಎಂಬ ಯೋಚನೆ ನನಗೆ ಬರಲಿಲ್ಲ. ತವರು ಎಂದು ಉಳಿದಿದ್ದು ನಮ್ಮ ಮನೆ ಒಂದೇ.

ಈಗ ನನ್ನ ಪತ್ತೇದಾರಿ ಕೇಳಿ. ನಮ್ಮ ಅಂಗಡಿಯಲ್ಲಿ ಮಾರಿದ ಮೇಲೆಯೇ ಬ್ರೆಡ್ಡನ್ನು ಹಾಳೆಯಲ್ಲಿ ಸುತ್ತಿ ಕೊಡುವುದು. ಒಂದು ಬ್ರೆಡ್ಡಿಗೆ ಒಂದು ಹಾಳೆ. ಭಟ್ಟಿಯಲ್ಲಿ ಒಂದು ಸಲಕ್ಕೆ ನಲವತ್ತೆಂಟರಂತೆ ದಿನಕ್ಕೆ ಎರಡು ಸಲ ಬೇಯುತ್ತದೆ, ಹೆಚ್ಚೆಂದರೆ ತೊಂಬತ್ತಾರು; ಉಳಿದರೆ ಮರುದಿನ ಅಷ್ಟು ಕಡಿಮೆ ಬೇಯಿಸುತ್ತೇವೆ. ನಾನು ಬೆಳಿಗ್ಗೆ ತೊಂಬತ್ತಾರು ಹಾಳೆ ಎಣಿಸಿ ಕಟ್ಟೆಯ ಮೇಲೆ ಇಟ್ಟೆ. ಸಂಜೆ ಉಳಿದ ಹಾಳೆ ಎಣಿಸಿದರೆ ಎಷ್ಟು ಮಾರಿತು ಎಂದು ತಿಳಿಯುತ್ತದಲ್ಲ. ಹಿಟ್ಟಿನ ಡಬ್ಬದ ಮುಚ್ಚಳದ ಒಳಗೆ ಸೀಮೆಸುಣ್ಣದಲ್ಲಿ ಗುಟ್ಟಾಗಿ ಬರೆದೆ. ಗಲ್ಲಾದ ದುಡ್ಡನ್ನು ಯಜಮಾನರು ಸಂಜೆ ಎಣಿಸಿ ಕ್ಯಾಲೆಂಡರಿನ ಮೇಲೆ ಬರೆಯುವ ರೂಢಿ ಮೊದಲಿನಿಂದಲೂ ಇತ್ತು. ಎರಡನ್ನೂ ತಾಳೆ ಹಾಕಿದರೆ ಕಳ್ಳತನ ತಾನಾಗಿ ಹೊರಗೆ ಬೀಳಬೇಕು. ಆದರೆ ನನಗೆ ಕೂಡುವುದು ಬರುತ್ತದೆ, ದೊಡ್ಡ ಗುಣಾಕಾರ ಕೈ ಹತ್ತುವುದಿಲ್ಲ. ಅದಕ್ಕೇ ಐದು ದಿನ ಬರೆದು, ಆರನೇ ದಿನ ಮಧ್ಯಾಹ್ನ ಲೆಕ್ಕದಕ್ಕನನ್ನು ಕರೆದುಕೊಂಡು ಬಂದೆ.

ಲೆಕ್ಕದಕ್ಕ ಯಾರೆಂದು ನಿಮಗೆ ಗೊತ್ತೇ ಇದೆ. ಗುಂಡಿ, ದಾರ ಮಾರುವವಳು, ನಮ್ಮ ಗುಂಪಿನ ಪುಸ್ತಕ ಬರೆಯುವವಳು, ಹತ್ತು ಪೈಸೆ ತಪ್ಪಿದರೂ ಊಟ ಬಿಟ್ಟು ಹುಡುಕುವವಳು. ದಾರಿಯಲ್ಲಿಯೇ ಅವಳಿಗೆ ಎಲ್ಲ ಹೇಳಿದ್ದೆ. ಅಂಗಡಿ ಬಾಗಿಲು ಅರ್ಧ ಎಳೆದು, ಯಜಮಾನರನ್ನೂ ನಾದಿನಿಯನ್ನೂ ಹಲಗೆಯ ಮುಂದೆ ಕೂರಿಸಿ, ಡಬ್ಬದ ಮುಚ್ಚಳ ತಂದು ಮಧ್ಯದಲ್ಲಿಟ್ಟೆ.

ನಾದಿನಿ ಸೀಮೆಸುಣ್ಣದ ಗೆರೆಗಳನ್ನು ನೋಡಿದಳು. "ಇದು ನನ್ನ ಮೇಲಾ ಅತ್ತಿಗೆ?" ಎಂದಳು, ಅಷ್ಟೆ. ನಾನು ಮುಚ್ಚಳವನ್ನು ಲೆಕ್ಕದಕ್ಕನ ಕಡೆ ಸರಿಸಿದೆ.

ಲೆಕ್ಕದಕ್ಕ ಪೆನ್ಸಿಲ್ ತೆಗೆದಳು. "ಮೊದಲನೇ ದಿನ ತೊಂಬತ್ತೆರಡು. ನಲವತ್ತನಾಲ್ಕರ ಹಾಗೆ ನಾಲ್ಕು ಸಾವಿರದ ನಲವತ್ತೆಂಟು. ಕ್ಯಾಲೆಂಡರಲ್ಲಿ?"

"ನಾಲ್ಕು ಸಾವಿರದ ನಲವತ್ತೆಂಟು," ಎಂದರು ಯಜಮಾನರು.

ಎರಡನೇ ದಿನ ಸರಿಹೋಯಿತು. ಮೂರನೇ ದಿನ, ನಾಲ್ಕನೇ ದಿನ, ಪೈಸೆಗೆ ಪೈಸೆ. ಐದನೇ ದಿನಕ್ಕೆ ಲೆಕ್ಕದಕ್ಕನ ಪೆನ್ಸಿಲ್ ನಿಂತಿತು.

"ಇಲ್ಲಿ ಐನೂರು ವ್ಯತ್ಯಾಸ ಇದೆ."

"ನೋಡಿದ್ರಾ?" ಎಂದು ನಾನು ಎದ್ದೇ ನಿಂತೆ.

"ಕೂತ್ಕೋ. ಐನೂರು ಹೆಚ್ಚಿದೆ. ತೊಂಬತ್ತಮೂರು ಬ್ರೆಡ್ಡಿಗೆ ಬರಬೇಕಾದ್ದು ನಾಲ್ಕು ಸಾವಿರದ ತೊಂಬತ್ತೆರಡು. ಪೆಟ್ಟಿಗೇಲಿ ಇದ್ದಿದ್ದು ನಾಲ್ಕು ಸಾವಿರದ ಐನೂರ ತೊಂಬತ್ತೆರಡು. ಗಲ್ಲಾದಿಂದ ಕದಿಯೋರನ್ನ ಕಂಡಿದ್ದೀನಿ, ಗಲ್ಲಾಗೆ ಹಾಕೋ ಕಳ್ಳಿಯನ್ನ ಇದೇ ಮೊದಲು ನೋಡ್ತಿರೋದು."

ನಾದಿನಿ ತಲೆ ತಗ್ಗಿಸಿದಳು. ನಂಬಲು ನನಗೆ ಮನಸ್ಸೇ ಇಲ್ಲ. ಎಲ್ಲೋ ಕದ್ದು, ಹೆದರಿ, ವಾಪಸು ಹಾಕಿರಬೇಕು ಎಂದೇ ಅಂದುಕೊಂಡೆ. "ಆ ದುಡ್ಡು ಎಲ್ಲಿಂದ ಬಂತು? ಚಿನ್ನದ ಅಂಗಡೀಲಿ ನಿನಗೇನು ಕೆಲಸ?" ಎಂದು ಕೇಳಿದೆ.

ಅವಳು ತಲೆಯ ಬಟ್ಟೆ ಬಿಚ್ಚಿದಳು. ಎರಡು ಕಿವಿಯೂ ಬರಿದಾಗಿದ್ದವು. ಅವರಮ್ಮ ಕೊಟ್ಟಿದ್ದ ಓಲೆಗಳು, ಗಂಡನ ಮನೆಯಲ್ಲಿ ಎಷ್ಟು ಕಷ್ಟ ಬಂದರೂ ತೆಗೆಯದಿದ್ದ ಓಲೆಗಳು, ಇರಲಿಲ್ಲ.

"ಕಟ್ಟಿಗೆಯವನಿಗೆ ಕೊಡೋಕೆ ಐನೂರು ಕಡಿಮೆ ಬಿತ್ತು ಅಂತ ಅಣ್ಣ ಹೇಳ್ತಿದ್ದ, ಕೇಳಿಸ್ಕೊಂಡೆ. ಹಿಂದೆಯೂ ಮೂರು ಸಲ ಹಾಕಿದ್ದೀನಿ. ಅಂಗಡಿ ಮುಚ್ಚಿದ್ರೆ ನೀವು ಹೇಗೋ ಬದುಕ್ತೀರಿ ಅತ್ತಿಗೆ. ನಾನೆಲ್ಲಿಗೆ ಹೋಗ್ಲಿ?"

ಯಜಮಾನರು ಮುಖಕ್ಕೆ ಟವೆಲ್ ಒತ್ತಿಕೊಂಡರು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು ನನಗೆ. ಆದರೂ, ನನ್ನ ಬುದ್ಧಿ ನೋಡಿ, ಬಾಯಿಂದ ಬಂದ ಮಾತು ಬೇರೆ. "ಹಾಗಾದ್ರೆ ದುಡ್ಡು ಹೋಗ್ತಿರೋದು ಎಲ್ಲಿಗೆ?"

"ನಿನಗೆ ಕಳ್ಳಿ ಬೇಕಲ್ವಾ? ಬಾ, ಹಿಡಿಯೋಣ," ಎಂದು ಲೆಕ್ಕದಕ್ಕ, ನಾನು ಮರುದಿನಕ್ಕೆ ಎಣಿಸಿಟ್ಟಿದ್ದ ತೊಂಬತ್ತಾರು ಹಾಳೆಗಳ ಕಟ್ಟು ಎಳೆದುಕೊಂಡಳು. "ಒಂದು ಬ್ರೆಡ್ಡಿಗೆ ಏನೇನು ಬೀಳತ್ತೆ, ಎಷ್ಟು?"

"ಹಿಟ್ಟು, ಯೀಸ್ಟು, ಎಣ್ಣೆ, ಸಕ್ಕರೆ, ಉಪ್ಪು, ಈ ಹಾಳೆ. ಎಲ್ಲ ಸೇರಿ ಮೂವತ್ತು."

"ಇದು ಬ್ರೆಡ್ಡಿನ ಜೊತೆ ಏರೋ, ಬ್ರೆಡ್ಡಿನ ಜೊತೆ ಇಳಿಯೋ ಖರ್ಚು. ಬದಲಾಗೋ ವೆಚ್ಚ ಅಂತಾರೆ. ಒಂದು ಬ್ರೆಡ್ಡು ಕಡಿಮೆ ಮಾಡಿದ್ರೆ ಮೂವತ್ತು ಉಳಿಯತ್ತೆ. ಈಗ ಹೇಳು, ನಾಳೆ ಒಂದು ಬ್ರೆಡ್ಡೂ ಹೋಗಲಿಲ್ಲ ಅಂದ್ಕೋ. ಅಂಗಡಿ ಓನರ್ ಬಾಡಿಗೆ ಬಿಡ್ತಾನಾ?"

"ಅವನು ಬಿಡೋದಾ? ಅವನಜ್ಜಿ ಸತ್ತ ದಿನವೂ ಬಾಡಿಗೆಗೆ ಬಂದಿದ್ದ."

"ಭಟ್ಟಿ ಕಾಯಿಸೋಕೆ ಹತ್ತು ಬ್ರೆಡ್ಡಿಗೆ ಬೇರೆ ಕಟ್ಟಿಗೆ, ತೊಂಬತ್ತಕ್ಕೆ ಬೇರೆ ಕಟ್ಟಿಗೆನಾ?"

"ಇಲ್ಲ," ಎಂದರು ಯಜಮಾನರು. "ಒಂದು ಸಲ ಕಾದರೆ ಅದೇ ಬಿಸಿಗೆ ಎರಡು ಸಲ ಬೇಯತ್ತೆ. ಎಷ್ಟು ಬ್ರೆಡ್ಡು ಇಟ್ರೂ ಕಟ್ಟಿಗೆ ಅಷ್ಟೇ."

"ಇವು ಅಲುಗಾಡದೆ ಕೂತಿರೋ ಖರ್ಚು. ಮಾರಿದ್ರೂ ಅಷ್ಟೇ, ಮಾರದಿದ್ರೂ ಅಷ್ಟೇ. ಇದಕ್ಕೆ ಸ್ಥಿರ ವೆಚ್ಚ ಅಂತಾರೆ. ಒಂದು ದಿನಕ್ಕೆ ಎಷ್ಟು ಬೀಳತ್ತೆ, ಹೇಳ್ತಾ ಹೋಗಿ."

ನಾವು ಮುಖ ಮುಖ ನೋಡಿಕೊಂಡೆವು. ಬಾಡಿಗೆ ಯಜಮಾನರು ತಿಂಗಳಿಗೊಮ್ಮೆ ಕೊಡುತ್ತಿದ್ದರು. ಭಟ್ಟಿ ಸಾಲದ ಕಂತು ನಾನು ಕಟ್ಟುತ್ತಿದ್ದೆ. ಕಟ್ಟಿಗೆಗೆ ವಾರಕ್ಕೊಮ್ಮೆ. ಎಲ್ಲವನ್ನೂ ಒಂದು ಕಡೆ ಕೂಡಿಸಿ, ದಿನಕ್ಕೆ ಹಂಚಿ ನೋಡಿದ ಪುಣ್ಯಾತ್ಮರು ಮನೆಯಲ್ಲಿ ಯಾರೂ ಇರಲಿಲ್ಲ. ಲೆಕ್ಕದಕ್ಕ ಹಂಚಿದಳು. ಬಾಡಿಗೆ ದಿನಕ್ಕೆ ಐನೂರು. ಕಂತು ಮುನ್ನೂರು. ಕಟ್ಟಿಗೆ ನಾನೂರು. ದೀಪ, ನೀರು, ಪರವಾನಗಿ, ಕಸದ ಹಣ ಎಲ್ಲ ಸೇರಿ ಇನ್ನೂರು. ಒಟ್ಟು ಸಾವಿರದ ನಾನೂರು.

"ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ ನಿಮ್ಮ ತಲೆ ಮೇಲೆ ಸಾವಿರದ ನಾನೂರು. ಮೊದಲು ಐವತ್ತಕ್ಕೆ ಮಾರ್ತಿದ್ರಿ. ಮೂವತ್ತು ಸಾಮಾನಿಗೆ ಹೋದ್ರೆ ಒಂದು ಬ್ರೆಡ್ಡಿಂದ ಇಪ್ಪತ್ತು ಸಿಗತ್ತೆ."

ಅವಳು ಒಂದು ಹಾಳೆಗೆ ಇಪ್ಪತ್ತು ರೂಪಾಯಿಯ ಲೆಕ್ಕದಲ್ಲಿ ಹಾಳೆಗಳನ್ನು ಹಂಚತೊಡಗಿದಳು. ಬಾಡಿಗೆಯವನಿಗೆ ಇಪ್ಪತ್ತೈದು ಹಾಳೆ. ಕಂತಿಗೆ ಹದಿನೈದು. ಕಟ್ಟಿಗೆಗೆ ಇಪ್ಪತ್ತು. ದೀಪ, ನೀರಿಗೆ ಹತ್ತು. "ಎಪ್ಪತ್ತು. ಎಪ್ಪತ್ತು ಬ್ರೆಡ್ಡು ಹೋದ್ರೆ ಅಸಲು ಹುಟ್ಟಿತು. ಲಾಭವೂ ಇಲ್ಲ, ನಷ್ಟವೂ ಇಲ್ಲ. ಎಪ್ಪತ್ತೊಂದನೇದು ನಿಮ್ಮದು. ಎಂಬತ್ತೈದು ಮಾರ್ತಿದ್ರಿ, ಹದಿನೈದು ಬ್ರೆಡ್ಡಿಗೆ ಇಪ್ಪತ್ತರ ಹಾಗೆ ಮುನ್ನೂರು ಮನೆಗೆ. ತಿಂಗಳಿಗೆ ಒಂಬತ್ತು ಸಾವಿರ."

ಆ ಒಂಬತ್ತು ಸಾವಿರ ಕೇಳಿ ನಾನು ಹಾಳೆಗಳ ಹತ್ತಿರ ಸರಿದು ಕೂತೆ. ಅಷ್ಟೇ ಬರುತ್ತಿತ್ತಲ್ಲ.

"ಈಗ ನಲವತ್ತನಾಲ್ಕು. ಮೂವತ್ತು ಕಳೆದ್ರೆ ಹದಿನಾಲ್ಕೇ." ಎಲ್ಲ ಹಾಳೆಗಳನ್ನೂ ಒಟ್ಟು ಮಾಡಿ, ಹಾಳೆಗೆ ಹದಿನಾಲ್ಕರ ಹಾಗೆ ಮತ್ತೆ ಹಂಚಿದಳು. ಬಾಡಿಗೆಯವನ ಗುಡ್ಡೆ ದಪ್ಪವಾಯಿತು, ಕಂತಿನದು, ಕಟ್ಟಿಗೆಯದು ಎಲ್ಲವೂ ದಪ್ಪವಾದವು. ದೀಪ, ನೀರಿನ ಗುಡ್ಡೆ ತುಂಬುವ ಮೊದಲೇ ಅವಳ ಕೈ ಬರಿದಾಯಿತು. "ಅಸಲು ಹುಟ್ಟೋಕೆ ನೂರು ಹಾಳೆ ಬೇಕು. ನಿನ್ನ ಹತ್ರ ಇರೋದು ತೊಂಬತ್ತಾರು."

"ಭಟ್ಟಿ ಹಿಡಿಯೋದೇ ತೊಂಬತ್ತಾರು," ಎಂದರು ಯಜಮಾನರು ಮೆಲ್ಲಗೆ. "ಮೂರನೇ ಸಲ ಬೇಯಿಸ್ಬೇಕಂದ್ರೆ ಮತ್ತೆ ಕಟ್ಟಿಗೆ ಹಾಕಿ ಕಾಯಿಸ್ಬೇಕು."

"ಅಂದ್ರೆ ಕಪಾಟು ಖಾಲಿ ಆದ ದಿನವೂ ನಷ್ಟವೇ. ತೊಂಬತ್ತೆರಡು ಮಾರಿದ ದಿನ ನೂರ ಹನ್ನೆರಡು ರೂಪಾಯಿ ಕೈಯಿಂದ ಹೋಗಿದೆ. ಈಗ ಹೇಳಿ, ಬೆಲೆ ಇಳಿಸಿದ್ದು ಯಾರು?"

ಯಜಮಾನರು ಛಾವಣಿ ನೋಡಿದರು. ನಾದಿನಿ ನನ್ನ ಮಾನ ಕಾಪಾಡುವವಳ ಹಾಗೆ ಹಾಳೆಗಳನ್ನು ಜೋಡಿಸತೊಡಗಿದಳು.

"ನಾನು," ಎಂದೆ.

"ಸಿಕ್ಕಿದಳಲ್ಲ ಕಳ್ಳಿ," ಎಂದಳು ಲೆಕ್ಕದಕ್ಕ. "ಮಾರೋದು ಹೆಚ್ಚಾದ್ರೆ ಲಾಭ ಹೆಚ್ಚಾಯ್ತು ಅಂತಲ್ಲ ತಾಯಿ. ಅವಳ ಮೇಲೆ ಇಟ್ಟ ಕಣ್ಣಲ್ಲಿ ಅರ್ಧ ಬೆಲೆ ಮೇಲೆ ಇಟ್ಟಿದ್ರೆ, ಆ ಓಲೆ ಅಲ್ಲೇ ಇರ್ತಿತ್ತು."

ನನ್ನ ಅನುಮಾನ ಅಷ್ಟಕ್ಕೇ ಸಾಯಲಿಲ್ಲ. "ಬೆಲೆ ಏರಿಸಿದ್ರೆ ಜನ ಎದುರಿಗೆ ಹೋಗ್ತಾರಲ್ಲಾ?" ಎಂದೆ.

"ಹೋಗ್ಲಿ. ಐವತ್ತಕ್ಕೆ ಮಾರಿ, ಎಪ್ಪತ್ತಕ್ಕಿಂತ ಕೆಳಗೆ ಇಳಿಯೋ ತನಕ ನಿಮಗೆ ನಷ್ಟ ಇಲ್ಲ. ಇಳಿದ್ರೆ ಆಗ ಬಾಡಿಗೆ ಕಡಿಮೆ ಮಾಡಿಸೋದಾ, ಸಾಮಾನು ಅಗ್ಗಕ್ಕೆ ತರೋದಾ ಅಂತ ಕೂತು ಯೋಚನೆ ಮಾಡಿ. ನಿಮ್ಮ ಮೂರು ಜನರ ಕೂಲಿಯೂ ಎಪ್ಪತ್ತರ ಮೇಲಿನದರಲ್ಲೇ ಹುಟ್ಟಬೇಕು, ಅದನ್ನ ಮರೀಬೇಡಿ."

ಮರುದಿನ ಬೆಲೆ ಐವತ್ತು ಎಂದು ಬರೆದೆವು. ಗಿರಾಕಿಗಳು ಮುಖ ಸಿಂಡರಿಸಿದರು, ಕೆಲವರು ಎದುರಿಗೆ ನಡೆದರು. ಆ ವಾರ ದಿನಕ್ಕೆ ಎಪ್ಪತ್ತೆಂಟು ಹೋಯಿತು. ಕಡಿಮೆ ಮಾರಿದೆವು, ದಿನಕ್ಕೆ ನೂರ ಅರವತ್ತು ಉಳಿಯಿತು. ಈಗ ಎಂಬತ್ತಮೂರಕ್ಕೆ ಬಂದಿದ್ದೇವೆ.

ಬೆಳಿಗ್ಗೆ ಹಾಳೆ ಎಣಿಸುವುದು ಈಗಲೂ ನಾನೇ, ಆದರೆ ಗುಟ್ಟಾಗಿ ಅಲ್ಲ. ಎಪ್ಪತ್ತು ಬಿಳಿ ಹಾಳೆ, ಅದರ ಕೆಳಗೆ ಒಂದು ಕೆಂಪು ಹಾಳೆ, ಆಮೇಲೆ ಉಳಿದವು. ಕೆಂಪು ಹಾಳೆ ಬಂದ ಕೂಡಲೇ ನಾದಿನಿ ಅದನ್ನು ಕಿಂಡಿಯಲ್ಲಿ ತೋರಿಸುತ್ತಾಳೆ. ಅದು ಕಂಡರೆ ಅಂದಿನ ಅಸಲು ಹುಟ್ಟಿತು ಎಂದು ಅರ್ಥ. ಆ ಎಪ್ಪತ್ತೊಂದನೇ ಬ್ರೆಡ್ಡಿನ ಇಪ್ಪತ್ತು ರೂಪಾಯಿ ಒಂದು ಡಬ್ಬಕ್ಕೆ ಹೋಗುತ್ತದೆ, ಅವಳ ಓಲೆಗೆ. ಬೇಡ ಅತ್ತಿಗೆ ಎನ್ನುತ್ತಾಳೆ, ನಾನು ಕೇಳುವುದಿಲ್ಲ. ಓಲೆ ಇನ್ನೂ ಬಂದಿಲ್ಲ, ಡಬ್ಬ ತುಂಬಲು ಇನ್ನೂ ಬಹಳ ದಿನ ಬೇಕು. ಅವಳು ಈಗ ತಲೆಗೆ ಬಟ್ಟೆ ಕಟ್ಟುವುದಿಲ್ಲ. ಕಿಂಡಿಯಲ್ಲಿ ಕೆಂಪು ಹಾಳೆ ಕಂಡಾಗಲೆಲ್ಲ ಅದರ ಪಕ್ಕ ಆ ಬರಿ ಕಿವಿಯೂ ಕಾಣುತ್ತದೆ.

ಅಕ್ಕತಂಗಿಯರೇ, ನೀವು ಬಟ್ಟೆ ಹೊಲಿಯುವವರಿರಬಹುದು, ಕೋಳಿ ಸಾಕುವವರಿರಬಹುದು, ಸೋಪು ಮಾಡುವವರಿರಬಹುದು. ಇವತ್ತೇ ಸಂಜೆ ಮನೆಯವರೆಲ್ಲ ಒಟ್ಟಿಗೆ ಕೂತುಕೊಳ್ಳಿ. ಮಾರದಿದ್ದರೂ ಬೀಳುವ ಖರ್ಚನ್ನೆಲ್ಲ ಕೂಡಿಸಿ ದಿನಕ್ಕೆ ಹಂಚಿ. ಒಂದು ಸಾಮಾನಿನ ಬೆಲೆಯಿಂದ ಅದನ್ನು ಮಾಡಲು ತಗಲುವ ಖರ್ಚು ಕಳೆಯಿರಿ. ಉಳಿದದ್ದರಿಂದ ಆ ದಿನದ ಖರ್ಚನ್ನು ಭಾಗಿಸಿ. ಎಷ್ಟು ಮಾರಿದರೆ ಅಸಲು ಹುಟ್ಟುತ್ತದೆ ಎಂಬುದು ಗೊತ್ತಾಗುತ್ತದೆ. ಬೆಲೆ ಇಳಿಸುವ ಮೊದಲು ಇನ್ನೊಮ್ಮೆ ಹೀಗೇ ಮಾಡಿ. ಭಾಗಾಕಾರ ಬರದಿದ್ದರೆ ಲೆಕ್ಕದಕ್ಕನ ಅಂಗಡಿಗೆ ಬನ್ನಿ, ಗುಂಡಿ ಕೊಳ್ಳದಿದ್ದರೂ ಹೇಳಿಕೊಡುತ್ತಾಳೆ. ಅನುಮಾನ ಪಡಲೇಬೇಕು ಅನ್ನಿಸಿದರೆ ಮೊದಲು ನಿಮ್ಮ ಬೆಲೆಯ ಮೇಲೆ ಪಡಿ, ಮನೆಯವರ ಮೇಲೆ ಆಮೇಲೆ. ನನ್ನ ಹಾಗೆ ಇನ್ನೊಬ್ಬರ ಕಿವಿ ಬರಿದಾದ ಮೇಲೆ ಲೆಕ್ಕ ಕಲಿಯಬೇಡಿ.